ಹೊಳೆ ಏರುತ್ತೆ ಅಂತ ಮೆಸೇಜ್ ಹಾಕುವ ಮುಂಚೆ

ಕೆಆರ್‌ಎಸ್ ಅಣೆಕಟ್ಟೆಯಲ್ಲಿ ನೀರು ಭರ್ತಿ ಮಟ್ಟವಾದ 124.80 ಅಡಿ ಹತ್ತಿರ ಬಂದರೆ ನಮ್ಮ ಶ್ರೀರಂಗಪಟ್ಟಣದ ಗ್ರೂಪ್‌ಗಳಲ್ಲಿ ಒಂದೇ ಸಾಲು ಓಡಾಡುತ್ತದೆ: "ಇಷ್ಟು ಸಾವಿರ ಕ್ಯೂಸೆಕ್ ಬಿಟ್ಟಿದ್ದಾರೆ, ಎಚ್ಚರ." ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 28 ಲೀಟರ್. ಹೊಳೆ ದಂಡೆಯಲ್ಲಿ ಬಟ್ಟೆ ಒಗೆಯುವವರಿಗೆ ಈ ಲೆಕ್ಕದಿಂದ ಏನು ಗೊತ್ತಾಗಬೇಕು? ಎಲ್ಲಿ, ಯಾವಾಗ, ಏನು ಮಾಡಬೇಕು ಅನ್ನೋದು ಬೇಕು.

ಹೀಗೆ ಬರೆಯಿರಿ: "ಇವತ್ತು ಸಂಜೆಯಿಂದ ಹೊಳೆ ಏರುತ್ತದೆ. ಪಶ್ಚಿಮವಾಹಿನಿ, ನಿಮಿಷಾಂಬ, ಸಂಗಮ ಎಲ್ಲೂ ಮೆಟ್ಟಿಲು ಇಳಿಯಬೇಡಿ. ದನಕರು, ಪಂಪ್‌ಸೆಟ್ ಮೇಲಕ್ಕೆ ಸಾಗಿಸಿ." ತಾರೀಕು, ಟೈಮು, ಯಾರು ಹೇಳಿದ್ದು ಇವು ಇರಲೇಬೇಕು. ಇಲ್ಲದಿದ್ದರೆ ಹಳೇ ವಿಡಿಯೋಗಳ ಜೊತೆ ಅದೂ ಸುಮ್ನೆ ಸುತ್ತುತ್ತಿರುತ್ತದೆ. ಅನುಮಾನ ಬಂದರೆ ಜಿಲ್ಲಾ ಸಹಾಯವಾಣಿ 1077ಕ್ಕೆ ಫೋನ್ ಮಾಡಿ ಕೇಳಿ.

ಅಸ್ಥಿ ಬಿಡೋಕೆ ಹೊರಗಿನಿಂದ ಬರುವವರು ನಮ್ಮ ಗ್ರೂಪ್‌ನಲ್ಲಿ ಇರಲ್ಲ, ಅಲ್ವಾ? ನನಗೆ ಅವರದ್ದೇ ಜಾಸ್ತಿ ಚಿಂತೆ. ದಂಡೆಗೆ ಬಂದು ನಿಂತವರಿಗೆ ಆಟೋದವರು, ಹೂವಿನಂಗಡಿಯವರು, ಪುರೋಹಿತರು ಬಾಯಿಬಿಟ್ಟು ಹೇಳಬೇಕು. ಅದಕ್ಕೇ ದಯವಿಟ್ಟು ಈ ಮೂವರಿಗೆ ಮೊದಲು ತಿಳಿಸಿ. ನೀರು ಇಳಿದ ಮೇಲೆ ಅದನ್ನೂ ಹಾಕಿ, ಆಗ ಮುಂದಿನ ಸಲ ಜನ ನಂಬುತ್ತಾರೆ.