ಪಾಸ್ ಎಸೆಯುವ ಯಂತ್ರ ನಡೆಸುವುದು ಹೇಗೆ, ಎದುರಾಳಿ ಅಭಿಮಾನಿಗೆ ಉತ್ತರ ಕೊಡುವುದು ಹೇಗೆ

ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್. ಎರಡೂ ತುದಿ ಚೂಪಾದ ಚೆಂಡನ್ನು ಎಸೆದು, ಹಿಡಿದು, ಎದೆಗವಚಿಕೊಂಡು ಓಡುವ ಆಟ. ಕೆಲಸಕ್ಕೆಂದು ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದ ಮೇಲೆ ನನಗೆ ಇದರ ಹುಚ್ಚು ಹಿಡಿಯಿತು. ಪಕ್ಕದ ಸಣ್ಣ ಕಾಲೇಜೊಂದರ ಅಭ್ಯಾಸಕ್ಕೆ ಸಂಜೆ ಹೊತ್ತು ಸಹಾಯ ಮಾಡಲು ಹೋದೆ. ನನ್ನ ಪಾಲಿಗೆ ಬಂದದ್ದು ಪಾಸ್ ಎಸೆಯುವ ಯಂತ್ರ. ನಾಲ್ಕು ಸೀಸನ್ ಅದರ ಹಿಂದೆ ನಿಂತಿದ್ದೇನೆ. ಇಂಥ ಕೆಲಸಕ್ಕೆ ಹೊಸದಾಗಿ ಹೋಗುವವರಿಗೆ ಉಪಯೋಗವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಯಂತ್ರ ಇರುವುದು ಚೆಂಡು ಹಿಡಿಯುವ ರಿಸೀವರ್‌ಗಾಗಿ. ಎಸೆಯುವ ಕ್ವಾರ್ಟರ್‌ಬ್ಯಾಕ್‌ನ ಜಾಗ ಕಿತ್ತುಕೊಳ್ಳಲು ಅಲ್ಲ. ಇದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಯಂತ್ರದಲ್ಲಿ ಎರಡು ಬಗೆ

ಹಳೆಯ ಬಗೆಯದು ಎರಡು ಚಕ್ರದ್ದು. ಅಮೆರಿಕದ ಮೈದಾನಗಳಲ್ಲಿ ಹೆಚ್ಚಾಗಿ ಕಾಣುವುದು ಜಗ್ಸ್ ಕಂಪನಿಯದು. ಕ್ರಿಕೆಟ್‌ನ ಬೌಲಿಂಗ್ ಮಷೀನ್ ನೋಡಿದ್ದರೆ ಇದು ಬೇಗ ಅರ್ಥವಾಗುತ್ತದೆ. ಎರಡು ಚಕ್ರ ಎದುರುಬದುರಾಗಿ ತಿರುಗುತ್ತವೆ, ನಡುವೆ ತಳ್ಳಿದ ಚೆಂಡನ್ನು ಮುಂದಕ್ಕೆ ಚಿಮ್ಮಿಸುತ್ತವೆ. ಚಕ್ರಗಳು ಸ್ವಲ್ಪ ಓರೆಯಾಗಿರುವುದರಿಂದ ಚೆಂಡು ಸುತ್ತುತ್ತಾ ಹೋಗುತ್ತದೆ. ಆ ಸುತ್ತಿಗೇ ಸ್ಪೈರಲ್ ಅನ್ನುತ್ತಾರೆ.

ಹೊಸ ಬಗೆಯದು ರೋಬೋಟ್. ಮೊನಾರ್ಕ್ ಕಂಪನಿಯ ಸೀಕರ್ ಇದರಲ್ಲಿ ಹೆಸರುವಾಸಿ. ಮೊದಮೊದಲು ಇದನ್ನು ಬಳಸಿದ ತಂಡಗಳಲ್ಲಿ ನಮ್ಮ ಅಯೋವಾ ವಿಶ್ವವಿದ್ಯಾಲಯದ ಹಾಕ್‌ಐಸ್ ತಂಡವೂ ಒಂದು. ಆಟಗಾರ ಮೈಮೇಲೆ ಒಂದು ಸಣ್ಣ ಟ್ಯಾಗ್ ಹಾಕಿಕೊಳ್ಳುತ್ತಾನೆ. ಅವನು ಎಲ್ಲಿದ್ದಾನೆ, ಎತ್ತ ಓಡುತ್ತಿದ್ದಾನೆ ಎಂದು ಯಂತ್ರವೇ ನೋಡಿಕೊಂಡು, ತಿರುಗಿ ಎಸೆಯುತ್ತದೆ. ಹುಡುಗ ಒಬ್ಬನೇ ಮೈದಾನಕ್ಕೆ ಬಂದರೂ ಅಭ್ಯಾಸ ನಡೆಯುತ್ತದೆ.

ಇದರ ಅಗತ್ಯ ಏನು ಅಂತ ಕೇಳಬಹುದು. ಹತ್ತು ರಿಸೀವರ್‌ಗೆ ಒಬ್ಬ ಕ್ವಾರ್ಟರ್‌ಬ್ಯಾಕ್ ಎಷ್ಟು ಅಂತ ಎಸೆದಾನು? ತೋಳು ಸೋಲುತ್ತದೆ. ಸಮಯವೂ ಕಡಿಮೆ. ಕಾಲೇಜು ಆಟದ ಮೇಲಿನ ದರ್ಜೆಯಾದ ಡಿವಿಷನ್ ಒಂದರ ತಂಡಗಳಿಗೆ ಸೀಸನ್‌ನಲ್ಲಿ ದಿನಕ್ಕೆ 4 ಗಂಟೆ, ವಾರಕ್ಕೆ 20 ಗಂಟೆ ಮೀರಿ ಅಭ್ಯಾಸ ಮಾಡಿಸಬಾರದು ಎಂದು ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ ಎನ್‌ಸಿಎಎ ಮಿತಿ ಹಾಕಿದೆ.

ಮೈದಾನದಲ್ಲಿ

ಸಮತಟ್ಟಾದ ಜಾಗ ನೋಡಿ ನಿಲ್ಲಿಸಿ. ಒಂದು ಕಾಲು ತಗ್ಗಿನಲ್ಲಿದ್ದರೂ ಚೆಂಡು ಒಂದೇ ಕಡೆಗೆ ಎಳೆಯುತ್ತದೆ. ಆಮೇಲೆ ಚೆಂಡುಗಳನ್ನು ಆರಿಸಿ. ಕಾಲೇಜು ಆಟದ ಚೆಂಡಿನ ಗಾಳಿಯ ಒತ್ತಡ 12.5ರಿಂದ 13.5 ಪಿಎಸ್‌ಐ ಇರಬೇಕು, ತೂಕ 14ರಿಂದ 15 ಔನ್ಸ್. ಗಾಳಿ ಕಡಿಮೆಯಾದ ಚೆಂಡನ್ನು ಚಕ್ರ ಬೇರೆ ಥರ ಹಿಡಿಯುತ್ತದೆ, ಒದ್ದೆ ಚೆಂಡು ಜಾರುತ್ತದೆ. ಹೊಸದು ಹಳೆಯದು ಬೆರೆಸಬೇಡಿ. ಲೇಸ್, ಅಂದರೆ ಚೆಂಡಿನ ಮೇಲಿನ ಹೊಲಿಗೆಯ ದಾರ, ಪ್ರತಿ ಸಲ ಒಂದೇ ಕಡೆಗೆ ಇರಲಿ.

ಚಕ್ರ ಪೂರ್ತಿ ವೇಗಕ್ಕೆ ಬಂದ ಮೇಲೆಯೇ ಚೆಂಡು ಕೊಡಿ. ಪ್ರತಿ ಚೆಂಡಿಗೂ ಚಕ್ರ ಸ್ವಲ್ಪ ನಿಧಾನವಾಗುತ್ತದೆ, ಅದು ಸುಧಾರಿಸಿಕೊಳ್ಳಲು ಒಂದೆರಡು ಕ್ಷಣ ಬಿಡಿ. ಮೊದಲ ಮೂರು ಚೆಂಡನ್ನು ಎದುರಿಗೆ ಯಾರೂ ಇಲ್ಲದಾಗ ಎಸೆದು ನೋಡಿ. ಜಾಕೆಟ್‌ನ ದಾರ, ಸಡಿಲ ತೋಳು, ಬಿಚ್ಚಿದ ಕೂದಲು ಚಕ್ರದ ಹತ್ತಿರ ಬರಲೇಬಾರದು. ಅಂಗೈಯಿಂದ ಹಿಂದಿನಿಂದ ತಳ್ಳಿ, ಬೆರಳು ಮುಂದಕ್ಕೆ ಚಾಚಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಚೆಂಡನ್ನು ತಲೆಯ ಮೇಲೆ ಎತ್ತಿ ತೋರಿಸಿ. ರಿಸೀವರ್ ನಿಮ್ಮ ಕಣ್ಣು ನೋಡಲಿ. ಆಮೇಲೆ ತಳ್ಳಿ.

ನಾನು ಇದನ್ನು ಕಲಿತದ್ದು ಒಬ್ಬ ಹುಡುಗನ ನೋವಿನಿಂದ. ಮೊದಲ ವಾರ ಪಾಸ್ ಚುರುಕಾಗಿರಲಿ ಅಂತ ವೇಗ ಜಾಸ್ತಿ ಮಾಡಿದ್ದೆ. ಮೊದಲ ವರ್ಷದ ಹುಡುಗನೊಬ್ಬ ಇನ್ನೂ ಗ್ಲೌಸ್ ಸರಿಮಾಡಿಕೊಳ್ಳುತ್ತಿದ್ದ. ನಾನು ತಳ್ಳಿಬಿಟ್ಟೆ. ಅವನ ಉಂಗುರದ ಬೆರಳಿನ ಗೆಣ್ಣು ಜಾರಿತು, ಮೂರು ವಾರ ಆಡಲಾಗಲಿಲ್ಲ. ಆ ದಿನದಿಂದ ಹತ್ತು ಯಾರ್ಡ್ ದೂರ, ಕಡಿಮೆ ವೇಗ, ಅಲ್ಲಿಂದಲೇ ಶುರು. ಕೋಚ್ ಅವಸರ ಮಾಡಿದರೂ ಬದಲಿಸುವುದಿಲ್ಲ.

ಕೈ ಹೇಗಿರಬೇಕು? ಎದೆಗಿಂತ ಮೇಲೆ ಬರುವ ಚೆಂಡಿಗೆ ಹೆಬ್ಬೆರಳುಗಳು ಹತ್ತಿರ. ಸೊಂಟದ ಕೆಳಗೆ ಬರುವುದಕ್ಕೆ ಕಿರುಬೆರಳುಗಳು ಹತ್ತಿರ. ಚೆಂಡು ಕಂಕುಳಿಗೆ ಸೇರುವವರೆಗೆ ಕಣ್ಣು ಅದರ ಮೇಲೆಯೇ ಇರಬೇಕು. ಬಹಳ ಚೆಂಡುಗಳು ಕೈಬಿಡುವುದು ಹಿಡಿಯುವಾಗ ಅಲ್ಲ, ಹಿಡಿಯುವ ಮುಂಚೆಯೇ ಓಡಲು ತಿರುಗಿದಾಗ.

ಒಂದೇ ಜಾಗಕ್ಕೆ ಇಪ್ಪತ್ತು ಚೆಂಡು ಎಸೆದರೆ ಕೈ ನಿದ್ದೆ ಹೋಗುತ್ತದೆ. ಹುಡುಗ ಹಿಡಿಯುತ್ತಾನೆ, ಆದರೆ ನೋಡಿ ಹಿಡಿಯುತ್ತಿಲ್ಲ. ಹಾಗಾಗಿ ಬದಲಿಸುತ್ತಿರಿ. ಒಂದು ಮೊಣಕಾಲಿಗೆ, ಒಂದು ಭುಜದ ಹಿಂದಕ್ಕೆ, ಒಂದು ನೆಗೆದು ಹಿಡಿಯುವಷ್ಟು ಎತ್ತರಕ್ಕೆ. ಬೆನ್ನು ತಿರುಗಿಸಿ ನಿಲ್ಲಿಸಿ, ಚೆಂಡು ಹೊರಟ ಮೇಲೆ ಕೂಗಿ. ಚೆಂಡಿನ ಮೂತಿಗೆ ಬಣ್ಣದ ಟೇಪ್ ಅಂಟಿಸಿ, ಹಿಡಿಯುವ ಮುಂಚೆ ಬಣ್ಣ ಹೇಳಿಸಿ. ಈ ಟೇಪಿನ ಉಪಾಯ ನನಗೆ ತುಂಬ ಇಷ್ಟ. ಕಣ್ಣು ಎಲ್ಲಿದೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ.

ಓಡುವ ರಿಸೀವರ್‌ಗೆ ಎಸೆಯುವುದೇ ಕಷ್ಟದ ಕೆಲಸ. ಲೆಕ್ಕ ನೋಡಿ. ಗಂಟೆಗೆ 50 ಮೈಲಿ ವೇಗದ ಪಾಸ್ 20 ಯಾರ್ಡ್ ದಾಟಲು ಸುಮಾರು 0.8 ಸೆಕೆಂಡ್ ಬೇಕು. ಸೆಕೆಂಡಿಗೆ 8 ಯಾರ್ಡ್ ಓಡುವ ಹುಡುಗ ಅಷ್ಟರಲ್ಲಿ ಆರು ಯಾರ್ಡ್‌ಗಿಂತ ಜಾಸ್ತಿ ಮುಂದೆ ಹೋಗಿರುತ್ತಾನೆ. ರೋಬೋಟ್ ಇದನ್ನು ತಾನೇ ಲೆಕ್ಕ ಹಾಕುತ್ತದೆ. ಚಕ್ರದ ಯಂತ್ರದಲ್ಲಿ ನೀವೇ ಹಾಕಬೇಕು. ನಾನು ಎರಡು ಕೋನ್ ಇಡುತ್ತೇನೆ. ಒಂದು ಚೆಂಡು ಬಂದು ಸೇರುವ ಜಾಗದಲ್ಲಿ, ಇನ್ನೊಂದು ಅದಕ್ಕಿಂತ ಏಳು ಯಾರ್ಡ್ ಹಿಂದೆ. ಹುಡುಗ ಹಿಂದಿನ ಕೋನ್ ದಾಟಿದ ಕೂಡಲೇ ತಳ್ಳುತ್ತೇನೆ. ನಾಲ್ಕೈದು ಸಲ ನೋಡಿ ಆ ಕೋನ್ ಸರಿಸಿಕೊಂಡರೆ ಲೆಕ್ಕ ಕೂಡಿಬರುತ್ತದೆ.

ಕೊನೆಯ ಹದಿನೈದು ನಿಮಿಷ ಯಂತ್ರ ನಿಲ್ಲಿಸಿ ಕ್ವಾರ್ಟರ್‌ಬ್ಯಾಕ್ ಕೈಯಲ್ಲೇ ಎಸೆಸಿ. ಪಂದ್ಯದಲ್ಲಿ ಚೆಂಡು ದೊಡ್ಡ ದೊಡ್ಡ ಆಳುಗಳ ತೋಳುಗಳ ಮಧ್ಯದಿಂದ ಬರುತ್ತದೆ, ತಡವಾಗಿ ಕಣ್ಣಿಗೆ ಬೀಳುತ್ತದೆ, ಕೆಲವು ಸಲ ಅಲುಗಾಡುತ್ತಾ ಬರುತ್ತದೆ. ಅದನ್ನು ಯಂತ್ರ ಕಲಿಸುವುದಿಲ್ಲ.

ಇನ್ನು ಆ ಕಡೆಯವರ ಮಾತು

2022ರ ಸೆಪ್ಟೆಂಬರ್ 3ರಂದು ಅಯೋವಾ ತಂಡ ಸೌತ್ ಡಕೋಟ ಸ್ಟೇಟ್ ಎದುರು 7-3ರಿಂದ ಗೆದ್ದಿತು. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, ಅದು ಒಂದೂ ಇಲ್ಲ. ಕಂಬಗಳ ನಡುವೆ ಒದ್ದು ಪಡೆದ ಒಂದು ಫೀಲ್ಡ್ ಗೋಲ್ (3 ಅಂಕ), ಎದುರಾಳಿಯನ್ನು ಅವರದೇ ಕೊನೆಯ ಗೆರೆಯ ಹಿಂದೆ ಕೆಡವಿದ್ದಕ್ಕೆ ಸಿಗುವ ಸೇಫ್ಟಿ (2 ಅಂಕ) ಎರಡು, ಅಷ್ಟೇ. ಮುಂದಿನ ವಾರ ನಮ್ಮ ಕಿನ್ನಿಕ್ ಸ್ಟೇಡಿಯಂನಲ್ಲೇ ಇದೇ ರಾಜ್ಯದ ಇನ್ನೊಂದು ವಿಶ್ವವಿದ್ಯಾಲಯ ಅಯೋವಾ ಸ್ಟೇಟ್ 10-7ರಿಂದ ಗೆದ್ದು, ಈ ಇಬ್ಬರ ಪಂದ್ಯಕ್ಕಿರುವ ಸೈ-ಹಾಕ್ ಟ್ರೋಫಿ ತೆಗೆದುಕೊಂಡು ಹೋಯಿತು. ನಮ್ಮ ಆಫೀಸಿನಲ್ಲಿ ಅಯೋವಾ ಸ್ಟೇಟ್‌ನಲ್ಲಿ ಓದಿದ ಗೆಳೆಯರೊಬ್ಬರಿದ್ದಾರೆ. ಸೋಮವಾರ ಬೆಳಿಗ್ಗೆ ಬಂದವರೇ, "ನಿಮ್ಮ ಹತ್ರ ಆ ರೋಬೋಟ್ ಇದೆ ಅಲ್ವಾ? ಅದಕ್ಕೇ ಜರ್ಸಿ ಹಾಕಿ ಕಳಿಸಿ" ಅಂದರು.

ಇಂಥ ಮಾತು ಬಂದಾಗ ಮೊದಲು ಸ್ಕೋರ್ ಒಪ್ಪಿಕೊಳ್ಳಿ. ಸೋತಿದ್ದರೆ ಸೋತೆವು ಅನ್ನಿ. ಗಾಳಿ, ಅಂಪೈರ್ ಅಂತ ನೆಪ ಹೇಳಿದರೆ ಮಾತು ಜಗಳವಾಗುತ್ತದೆ. ಆಮೇಲೆ ಆಟದ ಬಗ್ಗೆಯೇ ಮಾತಾಡಿ. ನಾನು ಕೇಳಿದ್ದು ಇಷ್ಟು: "ಎದುರಿನ ಡಿಫೆನ್ಸ್ ಓದಲು ಅದಕ್ಕೆ ಬರುತ್ತಾ? ರಿಸೀವರ್ ತಿರುಗುವ ಮುಂಚೆಯೇ ನಂಬಿ ಎಸೆಯುತ್ತಾ? ಮೈಮೇಲೆ ಇಬ್ಬರು ಬೀಳುತ್ತಿರುವಾಗ ನಿಂತುಕೊಳ್ಳುತ್ತಾ?" ಅವರು ನಕ್ಕರು. ಅರ್ಧ ಗಂಟೆ ಒಳ್ಳೆಯ ಮಾತುಕತೆ ಆಯಿತು.

ಚೆಂಡು ಬಿಟ್ಟ ಹುಡುಗನ ಹೆಸರು ಹಿಡಿದು ಆಡಿಕೊಳ್ಳಬೇಡಿ. ಅವರು ಹತ್ತೊಂಬತ್ತು ಇಪ್ಪತ್ತು ವಯಸ್ಸಿನ ವಿದ್ಯಾರ್ಥಿಗಳು, ಅಪ್ಪ ಅಮ್ಮ ಪಕ್ಕದ ಸಾಲಿನಲ್ಲೇ ಕೂತಿರಬಹುದು. ಯಾರಿಗಾದರೂ ಪೆಟ್ಟಾದಾಗ ಎರಡೂ ಕಡೆಯವರು ಸುಮ್ಮನಿರಬೇಕು. ಕಿನ್ನಿಕ್‌ನಲ್ಲಿ ಮೊದಲ ಕ್ವಾರ್ಟರ್ ಮುಗಿದಾಗ ಎಲ್ಲರೂ ಪಕ್ಕದ ಮಕ್ಕಳ ಆಸ್ಪತ್ರೆಯ ಕಡೆ ತಿರುಗಿ ಕೈಬೀಸುತ್ತಾರೆ. 2017ರಿಂದ ನಡೆದು ಬಂದಿದೆ. ಆಗ ಎದುರಾಳಿ ಅಭಿಮಾನಿಗಳೂ ಕೈಬೀಸುತ್ತಾರೆ. ನೀವು ಬೇರೆ ತಂಡದವರಾಗಿ ಬಂದಿದ್ದರೂ ಎದ್ದು ನಿಲ್ಲಿ.

ಮಾತು ಎಲ್ಲಿಗೆ ಹೋಗಬಹುದು, ಅದನ್ನು ಹೇಗೆ ತಿರುಗಿಸಬಹುದು ಎಂಬುದಕ್ಕೆ ಇಲ್ಲೇ ಒಂದು ಹಳೆಯ ಕಥೆ ಇದೆ. 1934ರಲ್ಲಿ ಪಕ್ಕದ ರಾಜ್ಯ ಮಿನೆಸೋಟದ ಆಟಗಾರರು ಅಯೋವಾದ ಕಪ್ಪು ಆಟಗಾರ ಆಝಿ ಸಿಮನ್ಸ್ ಮೇಲೆ ತುಂಬ ಒರಟಾಗಿ ಬಿದ್ದರು. ಮರುವರ್ಷದ ಪಂದ್ಯದ ಹೊತ್ತಿಗೆ ಅಯೋವಾ ಜನ ಕುದಿಯುತ್ತಿದ್ದರು. ಆಗ ಮಿನೆಸೋಟ ಗವರ್ನರ್ ಫ್ಲಾಯ್ಡ್ ಓಲ್ಸನ್ ಅವರು ಅಯೋವಾ ಗವರ್ನರ್ ಕ್ಲೈಡ್ ಹೆರಿಂಗ್ ಅವರಿಗೆ ತಂತಿ ಕಳಿಸಿ, ಒಂದು ಹಂದಿಯ ಪಂತ ಕಟ್ಟಿದರು. ಮಿನೆಸೋಟ 13-6ರಿಂದ ಗೆದ್ದಿತು, ಹೆರಿಂಗ್ ಜೀವಂತ ಹಂದಿಯನ್ನೇ ತಂದು ಒಪ್ಪಿಸಿದರು. ಇವತ್ತಿಗೂ ಆ ಎರಡು ತಂಡಗಳು ಆಡುವುದು ಫ್ಲಾಯ್ಡ್ ಆಫ್ ರೋಸ್‌ಡೇಲ್ ಎಂಬ ಕಂಚಿನ ಹಂದಿಗಾಗಿ. ಸಿಮನ್ಸ್ ಅವರಿಗಾದ ಅನ್ಯಾಯ ಆ ಹಂದಿಯಿಂದ ಅಳಿಯಲಿಲ್ಲ. ಆದರೆ ಆ ದಿನ ಜನ ಕೈಕೈ ಮಿಲಾಯಿಸಲಿಲ್ಲ.

ನೀವು ಪಂತ ಕಟ್ಟಬೇಡಿ. ಕಾಲೇಜು ಕ್ರೀಡಾ ವಿಭಾಗದ ಜೊತೆ ಕೆಲಸ ಮಾಡುವವರು ಪಂದ್ಯದ ಮೇಲೆ ಪಂತ ಕಟ್ಟುವುದಕ್ಕೆ ಎನ್‌ಸಿಎಎ ನಿಷೇಧವಿದೆ. ಬದಲಿಗೆ ಆ ಕಡೆಯವರನ್ನು ಅಭ್ಯಾಸಕ್ಕೆ ಕರೆಯಿರಿ. ಕೋಚ್ ಅನುಮತಿ ಕೇಳಿ, ನಾನು ಆ ಗೆಳೆಯರನ್ನು ಒಂದು ಸಂಜೆ ಕರೆದುಕೊಂಡು ಹೋದೆ. ಬೆರಳು ಜಾರಿದ್ದ ಅದೇ ಹುಡುಗ ಎದುರಿಗೆ ನಿಂತಿದ್ದ. ಗೆಳೆಯರ ಕೈಗೆ ಚೆಂಡು ಕೊಟ್ಟು ಹೇಳಿದೆ: ಮೊದಲು ಎತ್ತಿ ತೋರಿಸಿ, ಅವನು ನಿಮ್ಮನ್ನು ನೋಡಲಿ, ಆಮೇಲೆ ತಳ್ಳಿ.