ಬಿಲ್ ಅರ್ಧಕ್ಕಿದ್ದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗಬಾರದಂದ್ರ ಏನ್ ಮಾಡಬೇಕು?

ಸುಗ್ಗಿ ಟೈಮ್‌ನ್ಯಾಗ ಗಂಗಾವತಿ ಕಡೆ ಯಾವ್ದಾದ್ರೂ ರೈಸ್ ಮಿಲ್ ಆಫೀಸಿಗೆ ಹೋಗಿ ಕುಂದ್ರಿ. ಹೊರಗ ಲಾರಿ ಲೋಡ್ ಆಗಿ ತಾಡಪಾಲ್ ಕಟ್ಟಿ ರೆಡಿ ನಿಂತಿರತೈತಿ, ಡ್ರೈವರ್ ಕಿಟಕ್ಯಾಗ ಮುಖ ಹಾಕಿ "ಸಾರ್, ಬಿಲ್ ಆತೇನ್ರೀ?" ಅಂತ ಕೇಳ್ತಾನ, ಒಳಗ ಅಕೌಂಟೆಂಟ್ ಇ-ವೇ ಬಿಲ್‌ನ್ಯಾಗ (ಮಾಲು ಸಾಗಿಸಾಕ ಬೇಕಾದ ಆನ್‌ಲೈನ್ ಚೀಟಿ) ಗಾಡಿ ನಂಬರ್ ಹೊಡಿಯೋದ್ರೊಳಗ ಸ್ಕ್ರೀನ್ ಹೋಗಿ ಚುಕ್ಕಿ ತಿರುಗಾಕ ಹತ್ತತಾವ, ಅಪ್‌ಡೇಟ್ ನಡೆದೈತಿ, 30 ಪರ್ಸೆಂಟ್, ಆಫ್ ಮಾಡಬ್ಯಾಡ್ರಿ ಅಂತ. ಆವಾಗ ಬಾಯಾಗ ಬರೋ ಮಾತು ಪೇಪರ್‌ನ್ಯಾಗ ಬರಿಯಂಗಿಲ್ಲ.

ಬೈದ್ರ ಅದೇನ್ ನಿಲ್ಲಂಗಿಲ್ಲ, ಪೂರ್ತಿ ಬಂದ್ ಮಾಡೋದೂ ಶಾಣ್ಯಾತನ ಅಲ್ಲ. ಆದ್ರ ಯಾವತ್ತು, ಎಷ್ಟೊತ್ತಿಗೆ ಆಗಬೇಕು ಅನ್ನೋದನ್ನ ನಾವೇ ಗೊತ್ತು ಮಾಡಬಹುದು.

ಮೊದ್ಲು ಒಂದು ಖಾತ್ರಿ ಮಾಡ್ಕೊಳ್ರಿ, ರೀಸ್ಟಾರ್ಟ್ ಮಾಡಿದ್ದು ಅಪ್‌ಡೇಟೇ ಹೌದಾ ಅಂತ. ರಾಯಚೂರು, ಬಳ್ಳಾರಿ ಬ್ಯಾಸಿಗ್ಯಾಗ 40 ಡಿಗ್ರಿ ದಾಟಿದ ಮ್ಯಾಲ ಸಿಪಿಯು ಒಳಗಿನ ಫ್ಯಾನಿಗೆ ಧೂಳು, ಭತ್ತದ ಹೊಟ್ಟು ಮೆತ್ಕೊಂಡಿದ್ರ ಬಿಸಿಗೇ ಆಫ್ ಆಗತೈತಿ, ಎಸ್‌ಎಂಪಿಎಸ್ (ಕಂಪ್ಯೂಟರ್ ಒಳಗ ಕರೆಂಟ್ ಕೊಡೋ ಡಬ್ಬಿ) ಹಳೇದಾದ್ರೂ ಹಂಗ ಆಗತೈತಿ, ಜನ ಎಲ್ಲಾನೂ ಅಪ್‌ಡೇಟ್ ತಲೆಗೇ ಕಟ್ತಾರ. ಸ್ಟಾರ್ಟ್ ಮೆನುದಾಗ ಈವೆಂಟ್ ವ್ಯೂವರ್ ಅಂತ ಹುಡುಕಿ ತೆಗೀರಿ, ವಿಂಡೋಸ್ ಲಾಗ್ಸ್ ಒಳಗ ಸಿಸ್ಟಮ್ ಒತ್ರಿ, ಬಲಗಡೆ ಫಿಲ್ಟರ್ ಕರೆಂಟ್ ಲಾಗ್ ಐತಲ್ಲ, ಅಲ್ಲಿ ಈವೆಂಟ್ ಐಡಿ ಜಾಗದಾಗ 41,1074 ಅಂತ ಹಾಕ್ರಿ. 1074 ಬಂತಂದ್ರ ಯಾವ್ದೋ ಪ್ರೋಗ್ರಾಮ್ ಇಲ್ಲಾ ಮನುಷ್ಯಾ ಹೇಳಿ ಮಾಡಿಸಿದ್ದು, ಯಾವ್ದು ಅನ್ನೋದು ಕೆಳಗ ಬರೆದಿರತೈತಿ. 41 ಬಂತಂದ್ರ ಹೇಳದೆ ಕೇಳದೆ ಸತ್ತಿದ್ದು, ಕರೆಂಟ್ ಹೋಗಿರಬೇಕು, ಬಿಸಿ ಆಗಿರಬೇಕು, ಹ್ಯಾಂಗ್ ಆಗಿರಬೇಕು. ಬರೇ 41 ಕಾಣ್ತಿದ್ರ ಈ ಲೇಖನ ಅಲ್ಲಿಗೇ ಬಿಟ್ಟು ಮೆಕ್ಯಾನಿಕ್‌ನ ಕರೀರಿ.

ಅಪ್‌ಡೇಟೇ ಅಂತ ಗೊತ್ತಾತು ಅನ್ಕೊಳ್ರಿ. ಈಗ ಕ್ಯಾಲೆಂಡರ್ ತೆಗೀರಿ. ವಿಂಡೋಸ್‌ನ ತಿಂಗಳ ಸೆಕ್ಯುರಿಟಿ ಅಪ್‌ಡೇಟ್ ಅಮೆರಿಕದಾಗ ಎರಡನೇ ಮಂಗಳವಾರ ಬೆಳಿಗ್ಗೆ ಬಿಡ್ತಾರ, ನಮಗ ಅದು ಮಂಗಳವಾರ ರಾತ್ರಿ ಹತ್ತೂವರಿ-ಹನ್ನೊಂದೂವರಿ, ಅಂದ್ರ ಕಾಟ ಶುರುವಾಗೋದು ಬುಧವಾರದಿಂದ. ಎರಡನೇ ಮಂಗಳವಾರ ಯಾವಾಗ್ಲೂ 8ರಿಂದ 14ನೇ ತಾರೀಖಿನ ಒಳಗ ಬೀಳತೈತಿ, ತಿಂಗಳಾ ಫೈಲ್ ಮಾಡೋರಿಗೆ ಜಿಎಸ್‌ಟಿಆರ್-1, ಅಂದ್ರ ಮಾರಾಟದ ಲೆಕ್ಕ ಕೊಡೋ ಜಿಎಸ್‌ಟಿ ರಿಟರ್ನ್, ಅದರ ಕೊನೇ ದಿನ 11. ಅದಕ್ಕ ನೋಡ್ರಿ, ಅಕೌಂಟೆಂಟ್‌ಗಳು "ಬೇಕಂತಲೇ ನನ್ನ ಕೆಲಸದ ಟೈಮಿಗೇ ಬರತೈತಿ" ಅನ್ನೋದು ಸುಳ್ಳಲ್ಲ, ಬೇಕಂತ ಅಲ್ಲ ಅಷ್ಟ.

ಪರಿಹಾರ ಸರಳ ಐತಿ. 7ನೇ ತಾರೀಖಿಗೆ ಸೆಟ್ಟಿಂಗ್ಸ್‌ನ್ಯಾಗ ವಿಂಡೋಸ್ ಅಪ್‌ಡೇಟ್ ತೆಗೆದು ಪಾಸ್ ಅಪ್‌ಡೇಟ್ಸ್ (Pause updates, ಅಂದ್ರ ಅಪ್‌ಡೇಟ್ ತಡೆಹಿಡಿಯೋದು) ಅನ್ನೋದನ್ನ ಒಂದು ವಾರಕ್ಕ ಒತ್ರಿ. ಹೆಚ್ಚಂದ್ರ 35 ದಿನ, ಐದು ವಾರದ ತನಕ ಮುಂದ ಹಾಕಬಹುದು, ಅದು ಮುಗಿದ ಮ್ಯಾಲ ಇರೋ ಅಪ್‌ಡೇಟ್ ಹಾಕ್ಕೊಳ್ಳದೆ ಮತ್ತ ಪಾಸ್ ಮಾಡಾಕ ಬಿಡಂಗಿಲ್ಲ. ಡೌನ್‌ಲೋಡ್ ಆಗೋಕ್ಕಿಂತ ಮೊದ್ಲೇ ಒತ್ತಿರಬೇಕು, ರೀಸ್ಟಾರ್ಟ್ ಕೇಳಾಕ ಹತ್ತಿದ ಮ್ಯಾಲ ಒತ್ತಿದ್ರ ತಡ ಆತು. ರಿಟರ್ನ್ ಹೋದ ಮ್ಯಾಲ, 15-16ಕ್ಕ, ಊಟಕ್ಕ ಏಳೋವಾಗ ನೀವೇ ಚಾಲೂ ಮಾಡಿ ಹೋಗ್ರಿ.

ಇನ್ನ ಆಕ್ಟಿವ್ ಅವರ್ಸ್. ನಾನು ಇಷ್ಟರೊಳಗ ಕೆಲಸ ಮಾಡ್ತೀನಿ, ನಡುವ ರೀಸ್ಟಾರ್ಟ್ ಮಾಡಬ್ಯಾಡ ಅಂತ ಕಂಪ್ಯೂಟರಿಗೆ ಹೇಳೋ ಜಾಗ ಇದು. ವಿಂಡೋಸ್ 11ನ್ಯಾಗ ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೈತಿ, 10ರಾಗ ಚೇಂಜ್ ಆಕ್ಟಿವ್ ಅವರ್ಸ್ ಅಂತ ಎದುರಿಗೇ ಕಾಣತೈತಿ. ನಿಮ್ಮ ಚಾಳಿ ನೋಡಿ ತಾನೇ ಟೈಮ್ ಹಿಡಿಯಂಗ ಬಿಟ್ಟಿದ್ರ ಅದನ್ನ ತೆಗೆದು ಕೈಯಿಂದಲೇ ಹಾಕ್ರಿ, ಯಾಕಂದ್ರ ಸೀಸನ್‌ನ್ಯಾಗ ಮಿಲ್ ರಾತ್ರಿ ಹನ್ನೊಂದರ ತನಕ ನಡೀತೈತಿ, ಅನ್‌ಸೀಸನ್‌ನ್ಯಾಗ ಐದಕ್ಕೇ ಬೀಗ. ಹೆಚ್ಚಂದ್ರ 18 ತಾಸು ಕೊಡಬಹುದು, ಬೆಳಿಗ್ಗೆ 6ರಿಂದ ರಾತ್ರಿ 12 ಹಾಕ್ರಿ ಸಾಕು. ಅಲ್ಲೇ ರೀಸ್ಟಾರ್ಟ್ ಬೇಕಾದಾಗ ತಿಳಿಸು ಅನ್ನೋ ಬಟನ್ ಐತಿ, ಅದನ್ನ ಆನ್ ಮಾಡ್ರಿ. ಹೊಸ ಅಪ್‌ಡೇಟ್ ಬಂದ ಕೂಡ್ಲೇ ಕೊಡು ಅನ್ನೋದು ಇನ್ನೊಂದು ಬಟನ್, ಅದು ಆಫ್ ಇರ್ಲಿ, ನಮಗೇನ್ ಅವಸರ.

ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ಕೆಲಸ ಮಾಡೋರಿಗೆ ಬ್ಯಾರೆ ಕಷ್ಟ, ದಿನಕ್ಕ ಒಂದೂವರಿ ಜಿಬಿ ಪ್ಯಾಕ್ ಇರತೈತಿ, ಅಪ್‌ಡೇಟ್ ನಡುಮಧ್ಯಾಹ್ನಕ್ಕ ಎಲ್ಲಾ ಕುಡಿದು ಕುಂದ್ರತೈತಿ. ವೈ-ಫೈ ಹೆಸರಿನ ಪ್ರಾಪರ್ಟೀಸ್‌ನ್ಯಾಗ ಮೀಟರ್ಡ್ ಕನೆಕ್ಷನ್, ಅಂದ್ರ ಈ ನೆಟ್ ಅಳತಿ ಮ್ಯಾಲ ಐತಿ ಅಂತ ಹೇಳೋ ಬಟನ್, ಆನ್ ಮಾಡಿದ್ರ ಬಹುತೇಕ ಡೌನ್‌ಲೋಡ್ ನಿಲ್ಲತೈತಿ.

ಯೂಟ್ಯೂಬ್ ನೋಡಿ ಸರ್ವೀಸಸ್‌ನ್ಯಾಗ ಅಪ್‌ಡೇಟನ್ನೇ ಡಿಸೇಬಲ್ ಮಾಡ್ತೀವಿ ಅನ್ನೋರು ಭಾಳ ಮಂದಿ ಅದಾರ. ಒಂದು, ಸ್ವಲ್ಪ ದಿನಕ್ಕ ಅದು ತಾನೇ ಮತ್ತ ಚಾಲೂ ಆಗಿಬಿಡಬಹುದು. ಎರಡು, 2017ರ ಮೇ ತಿಂಗಳಾಗ ವಾನಾಕ್ರೈ ಅನ್ನೋ ವೈರಸ್ ಜಗತ್ತಿನ ತುಂಬ ಫೈಲ್ ಲಾಕ್ ಮಾಡಿ ರೊಕ್ಕ ಕೇಳ್ತಲ್ಲ, ಅದು ಹೊಕ್ಕಿದ್ದ ಕಿಂಡಿ ಮುಚ್ಚೋ ಅಪ್‌ಡೇಟ್ ಮಾರ್ಚ್‌ನ್ಯಾಗೇ ಬಂದಿತ್ತು, ಎರಡು ತಿಂಗಳು ಹಾಕ್ಕೊಳ್ಳದೆ ಇದ್ದೋರೇ ಸಿಕ್ಕಿಬಿದ್ರು. ಪಾರ್ಟಿಗಳ ಬಾಕಿ ಲೆಕ್ಕ ಎಲ್ಲಾ ಒಂದೇ ಸಿಸ್ಟಮ್‌ನ್ಯಾಗ ಇಟ್ಕೊಂಡು ಆ ಧೈರ್ಯ ಮಾಡಬ್ಯಾಡ್ರಿ. ವಿಂಡೋಸ್ 10 ಇಟ್ಕೊಂಡೋರು "ಈಗ ಅಪ್‌ಡೇಟ್ ಕಾಟ ಇಲ್ಲ" ಅಂತ ಖುಷಿ ಪಡೋದೂ ಬ್ಯಾಡ, 2025ರ ಅಕ್ಟೋಬರ್ 14ಕ್ಕ ಅದರ ಸಪೋರ್ಟ್ ಮುಗೀತು, ಅದಕ್ಕೇ ಸುಮ್ಮನಾಗಿರೋದು.

ವರ್ಡ್, ಎಕ್ಸೆಲ್‌ನ್ಯಾಗ ಇನ್ನೊಂದು ಸಣ್ಣ ಕೆಲಸ ಐತಿ. ಆಟೋರಿಕವರ್, ಅಂದ್ರ ಫೈಲಿನ ಪ್ರತಿ ತಾನೇ ಉಳಿಸ್ಕೊಳ್ಳೋದು, ಮೊದಲಿಂದ 10 ನಿಮಿಷಕ್ಕ ಒಮ್ಮೆ ಇರತೈತಿ, ಫೈಲ್, ಆಪ್ಶನ್ಸ್, ಸೇವ್ ಅಂತ ಹೋಗಿ ಅದನ್ನ 2 ನಿಮಿಷ ಮಾಡ್ರಿ. ಲೆಕ್ಕ ಬರಿಯೋ ಸಾಫ್ಟ್‌ವೇರ್ ಟ್ಯಾಲಿದಾಗ ಆ್ಯಕ್ಸೆಪ್ಟ್ ಕೊಟ್ಟಿದ್ದ ವೋಚರ್ ಉಳೀತೈತಿ, ಅರ್ಧಕ್ಕ ಇದ್ದದ್ದು ಹೋತಂತಲೇ ತಿಳ್ಕೊಳ್ರಿ.

ಇಷ್ಟೆಲ್ಲಾ ಮಾಡಿದ ಮ್ಯಾಲೂ ಒಂದಿನ ಪರ್ಸೆಂಟ್ ಸ್ಕ್ರೀನ್ ಬಂದು ನಿಂತ್ರ ಪವರ್ ಬಟನ್ ಒತ್ತಿ ಹಿಡೀಬ್ಯಾಡ್ರಿ. ಆ ಹೊತ್ತಿಗೆ ಕಂಪ್ಯೂಟರ್ ಚಾಲೂ ಇದ್ದಾಗ ಬದಲಿ ಮಾಡಾಕ ಬರದ ಫೈಲ್‌ಗಳನ್ನ ಬದಲಿ ಮಾಡ್ತಿರತೈತಿ, ನಡುವ ಕಿತ್ತ್ರ ವಿಂಡೋಸೇ ಏಳದೆ ಇರಬಹುದು. ಡೆಸ್ಕ್‌ಟಾಪ್‌ನೋರು ಯುಪಿಎಸ್ ಬ್ಯಾಟರಿ ಹೆಂಗೈತಿ ಅಂತ ಮೊದ್ಲೇ ನೋಡಿಟ್ಕೊಳ್ರಿ, ಕರೆಂಟ್ ಹೋಗಿ-ಬಂದು ಮಾಡೋ ದಿನ ಅಪ್‌ಡೇಟ್ ಮುಟ್ಟಬ್ಯಾಡ್ರಿ, ಲ್ಯಾಪ್‌ಟಾಪ್ ಆದ್ರ ಚಾರ್ಜರ್ ಹಚ್ಚೇ ಇರ್ಲಿ. ಹಾರ್ಡ್ ಡಿಸ್ಕ್ ಲೈಟ್ ಮಿಣುಕ್ತಿದ್ರ ಕೆಲಸ ನಡೆದೈತಿ ಅಂತ ಅರ್ಥ, ಹಳೇ ಸಿಸ್ಟಮ್‌ನ್ಯಾಗ ತಾಸುಗಟ್ಲೆ ಹಿಡಿದ್ರೂ ಹಿಡೀಬಹುದು. ಅಷ್ಟೊತ್ತು ಲಾರಿ ನಿಲ್ಲಿಸೋದು ಬ್ಯಾಡ, ಇ-ವೇ ಬಿಲ್ ಪೋರ್ಟಲ್ ಮೊಬೈಲ್ ಬ್ರೌಸರ್‌ನ್ಯಾಗೂ ತೆರೀತೈತಿ, ಪಾಸ್‌ವರ್ಡ್ ಕಂಪ್ಯೂಟರ್‌ನ್ಯಾಗಷ್ಟೇ ಸೇವ್ ಆಗಿ ಉಳಿದಿರದಂಗ ಒಂದು ಡೈರಿದಾಗ ಬರೆದು ಗಲ್ಲಾಪೆಟ್ಟಿಗ್ಯಾಗ ಬೀಗ ಹಾಕಿಡ್ರಿ.