ಹಳೆ ಲೇತ್ ಕೊಳ್ಳುವ ಮುಂಚೆ ಅದರ ಸದ್ದು ಕೇಳಿ

ಪೀಣ್ಯದಲ್ಲಿ ಸೆಕೆಂಡ್ ಹ್ಯಾಂಡ್ ಲೇತ್ (ಲೋಹವನ್ನು ತಿರುಗಿಸಿ ಕಡೆಯುವ ಮೆಷಿನ್) ಹುಡುಕಿಕೊಂಡು ಹೋದರೆ ಮೊದಲು ಕಣ್ಣಿಗೆ ಬೀಳುವುದು ಹೊಸ ಪೇಂಟ್. ಪೇಂಟಿಗೆ ಖರ್ಚು ಕಡಿಮೆ, ಸ್ಪಿಂಡಲ್ (ತಿರುಗುವ ಮುಖ್ಯ ಶಾಫ್ಟ್) ಬೇರಿಂಗಿಗೆ ಜಾಸ್ತಿ. ಬಣ್ಣದ ಕಡೆ ನೋಡದೆ ಕಿವಿ ಕೊಡಿ. ಬೆಂಗಳೂರಿನದೇ ಎಚ್‌ಎಂಟಿ ಆಗಲಿ, ರಾಜಕೋಟ್‌ ಅಥವಾ ಬಟಾಲಾದಿಂದ ಬಂದದ್ದಾಗಲಿ, ಪರೀಕ್ಷೆ ಒಂದೇ.

ಹೊರಡುವ ಮುಂಚೆ ಫೋನ್ ಮಾಡಿ, "ನಾನು ಬರೋತನಕ ಮೆಷಿನ್ ಆನ್ ಮಾಡ್ಬೇಡಿ" ಎಂದು ಹೇಳಿ. ಹೋದ ಕೂಡಲೇ ಹೆಡ್‌ಸ್ಟಾಕ್ ಮೇಲೆ, ಅಂದರೆ ಸ್ಪಿಂಡಲ್ ಮತ್ತು ಗೇರ್ ಇರುವ ಎಡಗಡೆಯ ಪೆಟ್ಟಿಗೆಯ ಮೇಲೆ, ಕೈಯಿಡಿ. ಬೆಚ್ಚಗಿದೆಯಾ? ಹಾಗಾದರೆ ಆಗಲೇ ಓಡಿಸಿ ನೋಡಿಕೊಂಡಿದ್ದಾರೆ. ಯಾಕೆ ಅಂತ ಕೇಳಿ.

ಕರೆಂಟ್ ಕೊಡುವ ಮೊದಲು ಗೇರ್ ನ್ಯೂಟ್ರಲ್‌ಗೆ ಹಾಕಿ, ಚಕ್ ಅನ್ನು (ಕಡೆಯುವ ತುಂಡನ್ನು ಹಿಡಿದುಕೊಳ್ಳುವ ಭಾಗ) ಕೈಯಲ್ಲೇ ನಿಧಾನಕ್ಕೆ ತಿರುಗಿಸಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಬೇರಿಂಗ್ ಮೇಲೆ ಅನುಮಾನ ಪಡಿ. ಆಮೇಲೆ ಹೆಡ್‌ಸ್ಟಾಕ್ ಎಣ್ಣೆ ಸ್ವಲ್ಪ ತೆಗೆದು ಬಿಳಿ ಬಟ್ಟೆಯ ಮೇಲೆ ಹಾಕಿ. ಕಬ್ಬಿಣದ ಮಿಣುಕು ಕಂಡರೆ ಒಳಗೆ ಏನೋ ಸವೆಯುತ್ತಿದೆ.

ಎಣ್ಣೆ ತೀರಾ ಮಂದ ಇದ್ದರೂ ಹುಷಾರು. ಇಲ್ಲೇ ನಾನು ಒಮ್ಮೆ ಬೇಸ್ತು ಬಿದ್ದದ್ದು. ಅಂಗಡಿಯಲ್ಲಿ ಹತ್ತು ನಿಮಿಷ ಓಡಿಸಿದಾಗ ಮೆಷಿನ್ ಬೆಕ್ಕಿನ ಹಾಗೆ ಸುಮ್ನೆ ಇತ್ತು. ಶೆಡ್ಡಿಗೆ ತಂದು ಅರ್ಧ ಗಂಟೆ ಓಡಿಸಿದ ಮೇಲೆ ಗೊರಗೊರ ಶುರು. ಬಿಸಿಯಾಗಿ ಎಣ್ಣೆ ತೆಳುವಾದಾಗ ಮುಚ್ಚಿಟ್ಟ ಸದ್ದು ಹೊರಗೆ ಬಂತು. ಅಂದಿನಿಂದ ನಾನು ಅರ್ಧ ಗಂಟೆಗೆ ಕಡಿಮೆ ಯಾವ ಲೇತ್ ಮುಂದೆಯೂ ನಿಂತಿಲ್ಲ.

ಈಗ ಆನ್ ಮಾಡಿ. ಚಕ್‌ನಲ್ಲಿ ಅದನ್ನು ಬಿಗಿ ಮಾಡುವ ಕೀ ಉಳಿದಿಲ್ಲ ತಾನೇ? ಅಂಗಿಯ ತೋಳು ಮಡಚಿಕೊಳ್ಳಿ. ಶುರುವಿನಲ್ಲೇ ಕೀಂಯ್ ಎಂದರೆ ಬೆಲ್ಟ್ ಸಡಿಲ, ಅದು ಚಿಲ್ಲರೆ ಕೆಲಸ. ಗುಂಯ್ ಎನ್ನುತ್ತಿದ್ದರೆ ಸ್ವಿಚ್ ಆಫ್ ಮಾಡಿ. ಆ ಕ್ಷಣಕ್ಕೇ ಸದ್ದು ನಿಂತರೆ ತೊಂದರೆ ಮೋಟರ್‌ನ ವೈಂಡಿಂಗ್ (ತಂತಿ ಸುರುಳಿ) ಅಥವಾ ಕರೆಂಟ್ ಸಪ್ಲೈ ಕಡೆ. ಚಕ್ ತಿರುಗುತ್ತಾ ನಿಧಾನವಾಗುವಾಗ ಸದ್ದೂ ಜೊತೆಗೇ ಇಳಿದರೆ ಅದು ಮೆಕ್ಯಾನಿಕಲ್. ಗೊಂದಲ ಇದ್ದರೆ ಬೆಲ್ಟ್ ಬಿಚ್ಚಿಸಿ ಬರೀ ಮೋಟರ್ ಓಡಿಸಿ.

ಟಕ್ ಟಕ್ ಸದ್ದು ಬಂದರೆ ಖುಷಿಪಡಿ, ಅದನ್ನು ಎಣಿಸಬಹುದು. ಅತಿ ಕಡಿಮೆ ಸ್ಪೀಡಿಗೆ ಹಾಕಿ. ಸ್ಪಿಂಡಲ್ ನಿಮಿಷಕ್ಕೆ 40 ಸುತ್ತುತ್ತಿದೆ ಅನ್ನಿ. ಟಕ್ ಕೂಡ 40 ಬಂದರೆ ದೋಷ ಸ್ಪಿಂಡಲ್ ಮೇಲೋ ಅದರ ಗೇರ್‌ನಲ್ಲೋ ಇದೆ, ಬಹುಶಃ ಒಂದು ಹಲ್ಲು ಮುರಿದಿದೆ. ಲೆಕ್ಕ ಬೇರೆ ಬಂದರೆ ಇನ್ನೊಂದು ಶಾಫ್ಟ್ ನೋಡಿ. ಒಂದೇ ಗೇರ್‌ನಲ್ಲಿ ಮಾತ್ರ ಕೇಳಿದರೆ ಆ ಗೇರ್ ಜೋಡಿಯದೇ ತಪ್ಪು. ಎಲ್ಲ ಗೇರ್‌ನಲ್ಲೂ ಗೊರಗೊರ ಬಿಡದಿದ್ದರೆ ಸ್ಪಿಂಡಲ್ ಬೇರಿಂಗ್ ನೋಡಿ. ಎಡಬದಿಯ ಕವರ್ ಒಳಗಿನ ಚೇಂಜ್ ಗೇರ್‌ಗಳು ಕಟಕಟ ಅಂದರೆ ತಲೆಕೆಡಿಸಿಕೊಳ್ಳಬೇಡಿ. ಸ್ವಲ್ಪ ಹತ್ತಿರ ಸರಿಸಿ ಬಿಗಿ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ನೇರ ಹಲ್ಲಿನ ಗೇರ್‌ಗಳು ಹೈ ಸ್ಪೀಡಿನಲ್ಲಿ ಸ್ವಲ್ಪ ಕೂಗುವುದು ಸಹಜ.

ಸದ್ದಿನ ಜಾಗ ಹಿಡಿಯಲು ಫಿಟ್ಟರ್‌ಗಳ ಹಳೆ ಉಪಾಯ ಇದೆ. ಉದ್ದ ಸ್ಕ್ರೂ ಡ್ರೈವರ್‌ನ ತುದಿ ಹೆಡ್‌ಸ್ಟಾಕ್ ಕವಚದ ಮೇಲೆ, ಹಿಡಿ ಕಿವಿಗೆ. ತಿರುಗುವ ಭಾಗಕ್ಕೆ ಮಾತ್ರ ತಾಗಿಸಬೇಡಿ.

ಬೇರಿಂಗ್ ಮೇಲೆ ಅನುಮಾನ ಬಂದರೆ ಮೆಷಿನ್ ನಿಲ್ಲಿಸಿ. ಡಯಲ್ ಗೇಜ್ ಅನ್ನು (ಸಣ್ಣ ಕದಲಿಕೆಯನ್ನೂ ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಚಕ್ ಹತ್ತಿರ ಸ್ಪಿಂಡಲ್ ಮೇಲೆ ಕೂರಿಸಿ, ಚಕ್ ಕೆಳಗೆ ಮರದ ತುಂಡು ಕೊಟ್ಟು ಅದನ್ನು ಮೇಲಕ್ಕೆ ಎತ್ತಿ. ಒಂದು ಗೆರೆಗೆ 0.01 ಮಿ.ಮೀ. ತೋರಿಸುವ ಗೇಜ್‌ನಲ್ಲಿ ಮುಳ್ಳು ಒಂದೆರಡು ಗೆರೆ ಕದಲಿದರೆ ನಡೆಯುತ್ತದೆ. ಐದಾರು ಗೆರೆ ಹಾರಿದರೆ ಬೇರಿಂಗ್ ಸಡಿಲ ಇಲ್ಲವೇ ಸವೆದಿದೆ. ಸಡಿಲವಷ್ಟೇ ಆದರೆ ನಟ್ ಬಿಗಿ ಮಾಡಿದರೆ ಸರಿಹೋಗಬಹುದು. ಅದನ್ನು ಅಲ್ಲೇ, ನಿಮ್ಮ ಮುಂದೆಯೇ ಮಾಡಿಸಿ.

"ಓಡ್ತಾ ಓಡ್ತಾ ಸರಿಹೋಗುತ್ತೆ ಸಾರ್" ಎಂದು ಮಾರುವವರು ಹೇಳಿದರೆ, "ಒಳ್ಳೆಯದು, ಇನ್ನೂ ಅರ್ಧ ಗಂಟೆ ಓಡಿಸಿ" ಎನ್ನಿ. ಅಷ್ಟರಲ್ಲಿ ನೀವು ಚಹಾ ಕುಡಿದು ಬನ್ನಿ.